ಮಗುಚಿ ಹಾಕದ ರೀಲು

ಮೌನೇಶಾಚಾರಿಗಳು ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗುತ್ತಾರಂತೆ ಎಂಬ ಸುದ್ದಿ ಬಂದಾಗ ನಮ್ಮೂರಿನಲ್ಲಿ ಅಂಬುಜಕ್ಕನೊಬ್ಬಳನ್ನು ಬಿಟ್ಟರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬ ಅಕ್ಕಸಾಲಿಗ ಹೋದರೆ ಇನ್ನೊಬ್ಬ ಬರುತ್ತಾನೆ, ಮೂಗುಬೊಟ್ಟಿನ ತಿರುಪು ಬಿಗಿ ಮಾಡುವುದಕ್ಕೆ ಯಾರಾದರೇನು ಅಂದರು ಜನ. ಅಂಬುಜಕ್ಕನ ಪಾಡು ಬೇರೆ. ಮೂವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ, ಹಾಲಿನವನು ಹೋದ ಹಿಂದೆಯೇ ಬಂದು, ಅವಳ ತಾಳಿಯನ್ನು ಅವಳ ಮನೆಗೆ ಮುಟ್ಟಿಸಿ ಹೋಗುತ್ತಿದ್ದವರು ಅವರು.

ನನ್ನ ಹಿಟ್ಟಿನ ಗಿರಣಿ ಇರುವುದು ಅಂಬುಜಕ್ಕನ ಮನೆಯ ಎದುರಿಗೇ. ಗಿರಣಿ ಎಷ್ಟೇ ಅಬ್ಬರಿಸಲಿ, ನನ್ನ ಕಿವಿ ಎದುರು ಮನೆಯ ಜಗಲಿಯ ಮೇಲಿರುತ್ತದೆ. ಈಗ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಅಂಬುಜಕ್ಕ ರಾಗಿ ಬೀಸಿಸಲು ಬಂದಾಗ ತಾನಾಗಿಯೇ ಹೇಳಿದ್ದು. ನಾನು ಸೇರಿಸಿದ್ದು ಉಪ್ಪಿನಷ್ಟು.

ನಮ್ಮೂರಿನ ಕ್ರಮ ಕೇಳಿದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ನಾಲ್ಕು ಜನ ಸೇರಿ ಮಾಡುವ ಯಾವ ಕಾರ್ಯವೇ ಆಗಲಿ, ಅದೇ ದಿನ ಸಂಜೆ ಛತ್ರದ ಬಿಳಿ ಪರದೆಯ ಮೇಲೆ ಫಿಲ್ಮಿನಲ್ಲಿ ಕಾಣಬೇಕು. ಕಂಡರೆ ಆಯಿತು, ಕಾಣದಿದ್ದರೆ ಆಗಲಿಲ್ಲ. ಮನೆಯ ಅನ್ನ ಸಾರಿಗೆ ಈ ಕಾಟವಿಲ್ಲ. ಮದುವೆ, ನಾಮಕರಣ, ಉದ್ಘಾಟನೆ ಇಂಥವಕ್ಕೆ ಮಾತ್ರ. ಪರದೆಯ ಮೇಲೆ ಕಾಣದವನು ಮದುವೆಯಲ್ಲಿ ಎಷ್ಟೇ ಹೋಳಿಗೆ ಹೊಡೆದಿರಲಿ, ಮಾರನೆಯ ಬೆಳಿಗ್ಗೆ ಏಕಾದಶಿ ಮಾಡಿದವನ ಹಾಗೆ ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು ಏಳುತ್ತಾನೆ. ಪರದೆ ಕಾಣದ ತಾಳಿ ಬೆಳಗಾಗುವಷ್ಟರಲ್ಲಿ ಅದನ್ನು ಮಾಡಿದ ಅಕ್ಕಸಾಲಿಗನ ಪೆಟ್ಟಿಗೆಯಲ್ಲಿರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರಲ್ಲ, ನಮ್ಮೂರಿನಲ್ಲಿ ಬೇಕು, ಕನ್ನಡಿಯಲ್ಲ, ಪರದೆ. ಫೋನಿನಲ್ಲಿ ತೆಗೆದದ್ದನ್ನು ಆ ಪರದೆ ಒಪ್ಪುವುದಿಲ್ಲ. ಅದನ್ನೂ ಮಾಡಿ ನೋಡಿ ಆಗಿದೆ.

ಈ ಫಿಲ್ಮಿನಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಇಂದಿನವರೆಗೆ ಒಂದು ಮಂತ್ರವೂ ನಡೆದಿಲ್ಲ. ಪುರೋಹಿತರು ಇದನ್ನು ಬಹಳ ಹಿಂದೆಯೇ ಅರಿತು ಬರೀ ತುಟಿ ಆಡಿಸುತ್ತಾರೆ. ಪಂಚಾಯಿತಿ ಅಧ್ಯಕ್ಷರು ಉದ್ಘಾಟಿಸಿದ ರಸ್ತೆ, ಆಸ್ಪತ್ರೆ, ಮಾರುಕಟ್ಟೆ ಯಾವುದೂ ನಿಮಗೆ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಪರದೆಯ ಮೇಲೆ ಬಂದದ್ದು ಅವರು ನಗುತ್ತಾ ರಿಬ್ಬನ್ ಕತ್ತರಿಸಿದ್ದು. ಆದ್ದರಿಂದ ನಡೆದದ್ದೂ ಅಷ್ಟೇ. ಊರ ತುಂಬಾ ಕತ್ತರಿಸಿದ ರಿಬ್ಬನ್ ಬಿದ್ದಿದೆ.

ಇಷ್ಟೆಲ್ಲ ಫಿಲ್ಮು ತೆಗೆದವರು ಅಂಬುಜಕ್ಕನ ಗಂಡ ವಾಮನರಾಯರು. ತಂದೆಯಿಂದ ಬಂದ ಕೆಲಸ. ಬೇರೆ ಯಾರೂ ಕಲಿಯಲು ಮುಂದೆ ಬರಲಿಲ್ಲ, ಬರುವುದಾದರೂ ಹೇಗೆ? ಕ್ಯಾಮೆರಾ ಹಿಡಿದವನು ಪರದೆಯ ಮೇಲೆ ಇರುವುದಿಲ್ಲ. ಪರದೆಯ ಮೇಲೆ ಇಲ್ಲದವನು ಆ ಕಾರ್ಯಕ್ಕೆ ಬಂದೇ ಇಲ್ಲ. ನಮ್ಮ ಜನಕ್ಕೆ ಮುಂದಿನ ಸಾಲಿನಲ್ಲಿ ನಿಂತು ಹಲ್ಲು ಕಿರಿಯುವುದು ಗೊತ್ತೇ ಹೊರತು ಹಿಂದೆ ನಿಂತು ಒಂದು ಕಣ್ಣು ಮುಚ್ಚುವುದು ಗೊತ್ತಿಲ್ಲ. ರಾಯರು ಊರಿನ ಮದುವೆಗಳಲ್ಲೆಲ್ಲ ಉಂಡು, ಮರುದಿನ ಬೆಳಿಗ್ಗೆ ಮನೆಯಲ್ಲಿ ಗಂಜಿ ಕುಡಿದೇ ವಯಸ್ಸು ಕಳೆದರು.

ಅವರ ಮದುವೆಯ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ಬೇರೆ ಯಾರೂ ಕ್ಯಾಮೆರಾ ಮುಟ್ಟಲಿಲ್ಲ. ರಾಯರೇ ಅದನ್ನು ಸ್ಟೂಲಿನ ಮೇಲಿಟ್ಟು, ಕೀಲಿ ಕೊಟ್ಟು, ಗುಂಡಿ ಒತ್ತಿ, ಓಡಿ ಬಂದು ಮಣೆಯ ಮೇಲೆ ಕೂತರು. ತಾಳಿ ಕೈಗೆ ತೆಗೆದುಕೊಂಡರು, ಅಂಬುಜಕ್ಕ ಕೊರಳು ಬಗ್ಗಿಸಿದಳು, ಟಣ್ ಅಂತ ಒಳಗೆ ಸ್ಪ್ರಿಂಗು ಮುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಜೆ ಪರದೆಯ ಮೇಲೆ ರಾಯರ ಕೈ ಅವಳ ಕೊರಳಿನ ಹತ್ತಿರ ಬಂತು, ಆಮೇಲೆ ಬರೀ ಬೆಳ್ಳಗೆ. ಮಾರನೆಯ ದಿನ ಹೊತ್ತು ಮೂಡುವ ಮೊದಲೇ ಮೌನೇಶಾಚಾರಿಗಳು ತಾಳಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ಮತ್ತೊಮ್ಮೆ ಮಾಡಿದರಾಯಿತು ಅಂತ ಅಂದುಕೊಂಡರು. ಒಂದು ವರ್ಷ ಮುಹೂರ್ತ ಸಿಗಲಿಲ್ಲ, ಇನ್ನೊಂದು ವರ್ಷ ರಾಯರಿಗೆ ಬೇರೆಯವರ ಮದುವೆಗಳಿಂದ ಪುರುಸೊತ್ತು ಸಿಗಲಿಲ್ಲ. ಆಮೇಲೆ ಅಭ್ಯಾಸವಾಯಿತು. ಬೆಳಿಗ್ಗೆ ಹಾಲು, ಹಿಂದೆ ತಾಳಿ. ಆಚಾರಿಗಳಿಗೆ ಒಂದು ಲೋಟ ಕಾಫಿ. ರಾಯರು ಮಿಂದು ಬಂದು, ಒದ್ದೆ ಕೈ ಪಂಚೆಗೆ ಒರೆಸಿಕೊಂಡು, ಹೆಂಡತಿಯ ಕೊರಳಿಗೆ ಮೂರು ಗಂಟು ಹಾಕುತ್ತಿದ್ದರು. ನಾನು ಗಿರಣಿಯ ಬಾಗಿಲು ತೆಗೆಯುವುದೂ ಅವರು ಮೂರನೇ ಗಂಟು ಹಾಕುವುದೂ ಒಂದೇ ಹೊತ್ತು.

ಈಗ ಆಚಾರಿಗಳು ಹೊರಟು ನಿಂತರು. ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗಿ ಅಂದರೆ ಅದೂ ನಡೆಯುವುದಲ್ಲ. ಒಮ್ಮೆ ಮೊಮ್ಮಗುವನ್ನು ನೋಡಲು ಹೋದಾಗ ಪೆಟ್ಟಿಗೆಯನ್ನು ಅಂಬುಜಕ್ಕನ ಹತ್ತಿರವೇ ಬಿಟ್ಟಿದ್ದರು. ತಾಳಿ ಮಾತ್ರ ಮಗಳ ಮನೆಯಲ್ಲಿ ಅವರ ದಿಂಬಿನ ಕೆಳಗೆ ಸಿಕ್ಕಿತ್ತು. ಮಗಳು ಗಾಬರಿಯಾಗಿ, ಇದು ಯಾರದಪ್ಪಾ ಅಂತ ಕೇಳಿದಳಂತೆ. ಪಾಪ, ಆ ಮುದುಕರು ಏನು ತಾನೇ ಹೇಳಿಯಾರು.

ಸುದ್ದಿ ಬಂದ ದಿನ ಅಂಬುಜಕ್ಕ ರಾಗಿಯ ಡಬ್ಬ ತಂದು ನನ್ನ ಮುಂದೆ ಇಟ್ಟಳು. ರಾಯರಿಗೆ ಕಣ್ಣಿನಲ್ಲಿ ಪೊರೆ, ಕೈಯಲ್ಲಿ ನಡುಕ. ಮೇಲಿಂದ ಮೇಲೆ ಎದೆ ಹಿಡಿದುಕೊಳ್ಳುತ್ತಿದ್ದರು. ಬರಿಗೊರಳಿನಲ್ಲಿ ಇರುವ ನಾಚಿಕೆಯನ್ನು ಹೇಗೋ ತಡೆದುಕೊಳ್ಳಬಹುದಿತ್ತು, ಅವಳ ಸಂಕಟ ಅದಕ್ಕಿಂತ ದೊಡ್ಡದು.

"ನಾಳೆ ಅವ್ರಿಗೆ ಏನಾದ್ರೂ ಆದ್ರೆ ಮುಂದೆ ಕೂತು ಅಳೋಕೂ ನಂಗೆ ಹಕ್ಕಿಲ್ಲ, ತಮ್ಮಯ್ಯ. ಈ ಊರ ಲೆಕ್ಕದಲ್ಲಿ ನಾನು ಅವ್ರಿಗೆ ಯಾರು ಹೇಳು?"

ನಾನು ರಾಗಿ ಬೀಸಿ ಕೊಟ್ಟೆ.

ಮೊದಲು ಅವಳು ಕ್ಯಾಮೆರಾ ಹಿಡಿಯುವವರನ್ನು ಹುಡುಕಿದಳು. ಪುರೋಹಿತರು ತಾವು ತುಟಿ ಆಡಿಸುವುದು ಪರದೆಯ ಮೇಲೆ ಬರಲೇಬೇಕು ಅಂದರು. ಹೆಡ್‌ಮಾಸ್ತರರಿಗೆ ಸೊಂಟ ನೋವು. ಗಿರಣಿಯವನ ಕೈ, ಗಾಜಿನ ಮೇಲೆಲ್ಲ ಹಿಟ್ಟು ಕೂತೀತು ಅಂತ ನಾನಂದೆ. ಮದುವೆಗೆ ಬರುತ್ತೇವೆ, ಮುಂದೆಯೇ ನಿಲ್ಲುತ್ತೇವೆ, ಎಷ್ಟು ಜನ ಬೇಕಾದರೂ ನಿಲ್ಲುತ್ತೇವೆ ಅಂತ ಊರಿಗೆ ಊರೇ ಧೈರ್ಯ ಹೇಳಿ ಕಳಿಸಿತು. ಕೊನೆಗೆ ಅವಳು ಸೆರಗು ಸಿಕ್ಕಿಸಿಕೊಂಡು, ಬೀರುವಿನ ಮೇಲಿದ್ದ ಟ್ರಂಕನ್ನು ತಾನೇ ಇಳಿಸಿದಳು.

ಟ್ರಂಕಿನಲ್ಲಿ ಮೂರು ಕ್ಯಾಮೆರಾಗಳಿದ್ದವು. ಮೊದಲನೆಯದು ಅವರ ಮದುವೆಯ ದಿನ ಸ್ಪ್ರಿಂಗು ಮುರಿದುಕೊಂಡದ್ದು. ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ತಾನಾಗಿ ಓಡುವ ಸೌಲಭ್ಯ ಇದ್ದದ್ದು ಅದರಲ್ಲಿ ಮಾತ್ರ, ಅದೇ ಸತ್ತಿತ್ತು. ಎರಡನೆಯದು ಬ್ಯಾಟರಿಯದು. ಆ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲ, ಒಳಗಿದ್ದದ್ದು ಸೋರಿ ಹಸಿರು ಕಿಲುಬು ಕಟ್ಟಿತ್ತು. ಮೂರನೆಯದು ಇಟ್ಟಿಗೆಯಷ್ಟು ಭಾರ. ಮಗ್ಗುಲಲ್ಲಿ ಗಡಿಯಾರಕ್ಕಿದ್ದ ಹಾಗೆ ಕೀಲಿ. ಗಟ್ಟಿಯಾಗಿ ಸುತ್ತಿ ಗುಂಡಿ ಒತ್ತಿ ಹಿಡಿದರೆ ಗುರ್ರ್ ಅಂತ ಅರ್ಧ ನಿಮಿಷ ಓಡುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ಅಂಬುಜಕ್ಕ ಗುಂಡಿಗೆ ದಾರ ಕಟ್ಟಿ ನೋಡಿದಳು, ಬಟ್ಟೆಯ ಕ್ಲಿಪ್ಪು ಹಾಕಿ ನೋಡಿದಳು. ಅದು ಮನುಷ್ಯನ ಬೆರಳನ್ನೇ ಕೇಳಿತು. ರೀಲು ಉಳಿದದ್ದು ಒಂದೇ ಒಂದು, ಹೊಸದು ತರಿಸೋಣ ಅಂದರೆ ಮಾಡುವವರೇ ಇಲ್ಲ.

ಒಂದು ವಾರ ಅವಳು ರೀಲು ಹಾಕದೆಯೇ ಅಭ್ಯಾಸ ಮಾಡಿದಳು. ಕೋಳಿ ಕಂಡರೆ ಗುರ್ರ್, ಸೊಪ್ಪಿನವಳು ಬಂದರೆ ಗುರ್ರ್. ಸೊಪ್ಪಿನವಳು ಖಾಲಿ ಕ್ಯಾಮೆರಾ ಅಂತ ಗೊತ್ತಿದ್ದೂ ಬುಟ್ಟಿ ಇಳಿಸಿ ತಲೆ ಬಾಚಿಕೊಂಡಳು. ರಾಯರು ಜಗಲಿಯಲ್ಲಿ ಕೂತು ಸದ್ದಿನಿಂದಲೇ ತಪ್ಪು ಹಿಡಿಯುತ್ತಿದ್ದರು. ಕಣ್ಣಿಡುವ ಕಿಂಡಿ ಮೇಲೆ, ಗಾಜು ಕೆಳಗೆ. ಹತ್ತಿರ ಹೋದಾಗ ಸ್ವಲ್ಪ ಮೇಲೆತ್ತಿ ಹಿಡಿ, ಇಲ್ಲದಿದ್ದರೆ ತಲೆ ಹಾರಿಹೋಗುತ್ತದೆ ಅಂದರು. ಗಾಜಿನ ಸುತ್ತ ಬೆಳಕು ಬಿಡುವ ಬಳೆಯನ್ನು ಅಷ್ಟು ಕಿರಿದು ಮಾಡಬೇಡ ಅಂದರು. ಎಲ್ಲಕ್ಕೂ ಹೂಂ ಅಂದು ಅವಳು ತನಗೆ ತೋಚಿದ್ದನ್ನೇ ಮಾಡಿದಳು. ದೀಪದ ಬತ್ತಿಯನ್ನು ಇಳಿಸಿಯೇ ಇಟ್ಟು ಸಂಸಾರ ಮಾಡಿದವಳು, ಬೆಳಕನ್ನು ಸುಮ್ಮನೆ ಸುರಿಯಲು ಅವಳಿಗೆ ಮನಸ್ಸು ಬರಲಿಲ್ಲ.

ಮುಖ್ಯವಾದ ಪಾಠ ರೀಲಿನದು. ಆ ಫಿಲ್ಮಿನ ಒಂದು ಅಂಚಿನಲ್ಲಿ ಒಂದು ಸಲ, ಇನ್ನೊಂದು ಅಂಚಿನಲ್ಲಿ ಇನ್ನೊಂದು ಸಲ ಚಿತ್ರ ತೆಗೆಯಬೇಕು. ತೊಳೆದ ಮೇಲೆ ಉದ್ದಕ್ಕೆ ಸೀಳಿದರೆ ಎರಡು ಪಾಲು. ಒಮ್ಮೆ ಓಡಿ ಮುಗಿದ ಮೇಲೆ ಕತ್ತಲೆಯಲ್ಲಿ ತೆಗೆದು, ದೋಸೆ ಮಗುಚಿದ ಹಾಗೆ ಮಗುಚಿ ಹಾಕಬೇಕು, ಅಷ್ಟೇ, ಇನ್ನೇನೂ ಮಾಡಬಾರದು ಅಂತ ರಾಯರು ಒತ್ತಿ ಒತ್ತಿ ಹೇಳಿದರು.

ರೀಲಿಗೆ ಎರಡು ಪಾಲು ಅನ್ನುವುದು ಅಧ್ಯಕ್ಷ ಶಿವನಂಜಪ್ಪನವರ ಕಿವಿಗೆ ಹೇಗೆ ಬಿತ್ತೋ. ನನ್ನ ಗಿರಣಿಯಲ್ಲಿ ಬಿದ್ದಿತು ಅಂತ ಜನ ಹೇಳುತ್ತಾರೆ, ನಂಬಬೇಡಿ. ಅವರು ಶಾಲು ಹೊದ್ದು ಬಂದು ಜಗಲಿಯ ಮೇಲೆ ಕೂತು, ಒಂದು ಪಾಲು ನಿಮ್ಮ ಮದುವೆಗೆ, ಇನ್ನೊಂದು ಪಾಲು ನಮ್ಮ ನಲ್ಲಿಗೆ ಅಂತ ಹಂಚಿಯೇ ಬಿಟ್ಟರು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ನಲ್ಲಿ ಹಾಕಿಸಿದ್ದರು, ಉದ್ಘಾಟನೆ ಬಾಕಿ ಇತ್ತು. ಅಂಬುಜಕ್ಕ ಒಲ್ಲೆ ಅನ್ನಬಹುದಿತ್ತು, ಆದರೆ ಛತ್ರದ ಬೀಗದ ಕೈ ಇದ್ದದ್ದು ಅಧ್ಯಕ್ಷರ ಸೊಂಟದಲ್ಲಿ. ಮುಖ ಮಾತ್ರ ಚೆನ್ನಾಗಿ ಬರಬೇಕಮ್ಮ, ಉಳಿದದ್ದು ಹೇಗಾದರೂ ಇರಲಿ ಅಂತ ಹೇಳಿ ಹೋದರು.

ಗೊತ್ತು ಮಾಡಿದ ದಿನ ಬೆಳಿಗ್ಗೆ ಮೊದಲು ನಲ್ಲಿ. ಗೋಡೆಯ ಹಿಂದೆ ಟ್ಯಾಂಕರ್ ನಿಲ್ಲಿಸಿ ಪೈಪು ಸಿಕ್ಕಿಸಿದ್ದರು. ಅಧ್ಯಕ್ಷರು ನಾಲ್ಕು ಉಂಗುರದ ಕೈಯನ್ನು ನಲ್ಲಿಯ ಮೇಲಿಟ್ಟು, ಕ್ಯಾಮೆರಾದ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಕ್ಕರು. ಅಂಬುಜಕ್ಕ ಕಿಂಡಿಯಲ್ಲಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಸ್ಪ್ರಿಂಗು ನಿಲ್ಲುವ ತನಕ ಒತ್ತಿದಳು. ನೀರು ಧೋ ಅಂತ ಬಿತ್ತು, ಟ್ಯಾಂಕರ್ ಖಾಲಿಯಾಯಿತು, ಚಪ್ಪಾಳೆಯೂ ಆಯಿತು.

ಮನೆಗೆ ಬಂದವಳು ಕತ್ತಲೆ ಕೋಣೆಯಲ್ಲಿ ಕಂಬಳಿ ಹೊದ್ದು ಕ್ಯಾಮೆರಾ ಬಿಚ್ಚಿದಳು. ಮಗುಚುವ ಮಾತು ತಲೆಯಲ್ಲಿತ್ತು. ಆದರೆ ಅಂಬುಜಕ್ಕ ಹೊಲಿಗೆ ಮುಗಿದ ಮೇಲೆ ದಾರವನ್ನು ಅದರ ಉಂಡೆಗೆ ಸುತ್ತಿಡದೆ ಮೇಲೇಳುವ ಹೆಂಗಸಲ್ಲ. ಒಂದು ಸುರುಳಿಯ ಫಿಲ್ಮು ಇನ್ನೊಂದು ಸುರುಳಿಯಲ್ಲಿ ಕೂತದ್ದು ಅವಳ ಬೆರಳಿಗೆ ತಾಗಿತು. ಛೆ, ಹೀಗೇ ಬಿಟ್ಟರೆ ಹೇಗೆ ಅಂತ ನೀಟಾಗಿ ಹಳೆಯ ಸುರುಳಿಗೇ ಸುತ್ತಿ, ಮೊದಲಿದ್ದ ಜಾಗದಲ್ಲಿ ಮೊದಲಿದ್ದ ಹಾಗೆಯೇ ಕೂರಿಸಿದಳು. ಸುತ್ತಿಟ್ಟ ಮೇಲೆ ಅದು ಹೊಸದರ ಹಾಗೇ ಆಯಿತಲ್ಲ, ಇನ್ನೇನು ಬೇಕು ಅಂತ ಅವಳ ಲೆಕ್ಕ.

ಆಮೇಲೆ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮದುವೆ. ಪುರೋಹಿತರು, ಆಚಾರಿಗಳು, ನಾನು, ಇಷ್ಟೇ ಜನ. ಅವಳ ಉಪಾಯ ಸರಳವಾದದ್ದು. ಮೊದಲು ಅವಳು ಕ್ಯಾಮೆರಾ ಹಿಡಿದು ರಾಯರು ತಾಳಿ ಕಟ್ಟುವುದನ್ನು ತೆಗೆಯುವುದು, ಆಮೇಲೆ ರಾಯರು ಹಿಡಿದು ಅವಳು ಕೊರಳು ಬಗ್ಗಿಸುವುದನ್ನು ತೆಗೆಯುವುದು. ಒಂದರ ಹಿಂದೆ ಒಂದು ತೋರಿಸಿದರೆ ಪರದೆ ಒಪ್ಪೀತೇ ಅಂತ ಪುರೋಹಿತರನ್ನು ಕೇಳಿದರೆ ಅವರು ತುಟಿ ಆಡಿಸಿದರು.

ರಾಯರು ಬಿಳಿ ಅಂಗಿ ಹಾಕಿ ಬಿಸಿಲಿಗೆ ನಿಂತು, ಎದುರಿಗೆ ಯಾರೂ ಇಲ್ಲದ ಗಾಳಿಗೆ ತಾಳಿ ಹಿಡಿದು ಒಂದು, ಎರಡು, ಮೂರು ಅಂತ ಗಂಟು ಹಾಕಿದರು. ಕೈ ನಡುಗುತ್ತಿತ್ತು. "ಗಾಳಿಗೆ ಗಂಟು ಹಾಕೋ ಹಾಗಾಯ್ತಲ್ಲೇ" ಅಂದರು. ಅವಳು ಗುಂಡಿ ಒತ್ತಿ ಹಿಡಿದೇ ಇದ್ದಳು. ಮುಗಿದದ್ದೇ ಒಳಗೆ ಹೋಗಿ, ಕಂಬಳಿ ಹೊದ್ದು, ಮತ್ತೆ ನೀಟಾಗಿ ಸುತ್ತಿಟ್ಟುಕೊಂಡು ಬಂದಳು. ಹೊಸ ಕಾರ್ಯವನ್ನು ಮೊದಲಿನಿಂದ ಶುರು ಮಾಡಬೇಕು ಅನ್ನುವುದು ಅವಳ ಶಾಸ್ತ್ರ. ರಾಯರು ಕ್ಯಾಮೆರಾ ಹಿಡಿದಾಗ ಕೈಯ ನಡುಕ ಎಲ್ಲಿ ಹೋಯಿತೋ ಕಾಣೆ. ಅವಳು ಕಲ್ಲಿನ ಮೇಲೆ ಕೂತು, ಎರಡು ಕೈ ಜೋಡಿಸಿ ಮುಂದೆ ಚಾಚಿ, ಕೊರಳು ಬಗ್ಗಿಸಿದಳು.

ಮಧ್ಯಾಹ್ನ ರಾಯರು ಬಚ್ಚಲುಮನೆಯಲ್ಲಿ ಬೆರಳಿನ ಅಂದಾಜಿನಲ್ಲೇ ಫಿಲ್ಮು ತೊಳೆದು, ಉದ್ದಕ್ಕೆ ಸೀಳಿ, ಒಣಗಲು ಹಾಕಿದರು. ಅವರ ಕಣ್ಣಿಗೆ ಏನೂ ಕಾಣದು. ಅಂಬುಜಕ್ಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಪಾಲಿನ ಆರಂಭದಿಂದ ಕೊನೆಯ ತನಕ ಬರೀ ಕಪ್ಪು. ಇನ್ನೊಂದರಲ್ಲಿ ಏನೇನೋ ಕಲಸಿಹೋಗಿತ್ತು. ತನ್ನ ಮದುವೆ ಎರಡನೇ ಸಲವೂ ಕೆಟ್ಟಿತು, ಈ ಸಲ ಸ್ಪ್ರಿಂಗನ್ನು ಬೈಯುವ ಹಾಗೂ ಇಲ್ಲ ಅಂದುಕೊಂಡಳು. ಗಂಡನಿಗೆ ಹೇಳಲಿಲ್ಲ. ಸೀರೆ ಬದಲಾಯಿಸಿ, ಹೂ ಮುಡಿದು, ಅವರ ಕೈ ಹಿಡಿದುಕೊಂಡು ಛತ್ರಕ್ಕೆ ನಡೆದಳು.

ಛತ್ರ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ತಮ್ಮ ಮುಖ ನೋಡಲು ತಯಾರಾಗಿ ಕೂತಿದ್ದರು. ದೀಪ ಆರಿತು. ಮೊದಲು ಕಂಡದ್ದು ಅಂಬುಜಕ್ಕನ ಬಗ್ಗಿದ ತಲೆ. ಅದರ ಮೇಲೆಯೇ, ಎಲ್ಲಿಂದಲೋ ಮೂಡಿದ ಹಾಗೆ, ಒಂದು ಬಿಳಿ ಅಂಗಿ, ತಾಳಿ ಹಿಡಿದ ಎರಡು ಕೈ. ಅಂಗಿಯ ಮೇಲೆ ತಲೆ ಇರಲಿಲ್ಲ. ಮೇಲೆತ್ತಿ ಹಿಡಿಯುವುದನ್ನು ಅವಳು ಮರೆತಿದ್ದಳು. ಆದರೆ ಆ ನಡುಗುವ ಕೈ ಯಾರದು ಅಂತ ಹೇಳುವುದಕ್ಕೆ ನಮ್ಮೂರಿನಲ್ಲಿ ಯಾರಿಗೂ ತಲೆ ಬೇಕಾಗಿರಲಿಲ್ಲ. ಕೈ ಅವಳ ಕೊರಳಿನ ಹಿಂದೆ ಹೋಯಿತು. ಒಂದು ಗಂಟು, ಎರಡು, ಮೂರು. ಮಗುಚದ ರೀಲಿನ ಒಂದೇ ಪಾಲಿನ ಮೇಲೆ ಮೂರು ಸಲ ಚಿತ್ರ ಬಿದ್ದಿತ್ತು, ಮೂರು ಸಲವೂ ಬೆಳಕಿನ ಬಳೆ ಅವಳು ಕಂಜೂಸಿಯಿಂದ ಕಿರಿದು ಮಾಡಿಟ್ಟ ಹಾಗೆಯೇ ಇತ್ತಲ್ಲ, ಮೂರೂ ಸೇರಿ ಹದವಾದ ಬೆಳಕಾಗಿತ್ತು. ಅಂಬುಜಕ್ಕ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದಳು. ಏನಾಯ್ತೇ, ಏನು ಕಾಣಿಸ್ತಿದೆ ಅಂತ ರಾಯರು ಕೇಳುತ್ತಲೇ ಇದ್ದರು.

ಅಷ್ಟರಲ್ಲಿ ಪರದೆಯ ಮೇಲಿಂದ ನಾಲ್ಕು ಉಂಗುರದ ಒಂದು ಕೈ ಇಳಿಯಿತು. ಅದಕ್ಕೂ ತಲೆಯಿಲ್ಲ, ಶಾಲಿನ ಅಂಚು ಮಾತ್ರ ಇದೆ. ಕೈಯ ಕೆಳಗಿನ ನಲ್ಲಿ ರಾಯರ ಅಂಗಿಯ ಬಿಳುಪಿನಲ್ಲಿ ಮುಚ್ಚಿಹೋಗಿತ್ತು. ಕೈಯಿಂದ ನೀರು ಸುರಿಯಿತು, ನೇರವಾಗಿ ಅಂಬುಜಕ್ಕ ಚಾಚಿದ್ದ ಕೈಗಳ ಮೇಲೆ.

ಪುರೋಹಿತರು ಎದ್ದು ನಿಂತರು. ಮೂವತ್ತು ವರ್ಷದಲ್ಲಿ ಮೊದಲ ಸಲ, ಒಂದು ಮದುವೆಯಲ್ಲಿ ಅವರ ತುಟಿಯ ಜೊತೆ ಧ್ವನಿಯೂ ಬಂತು. "ಧಾರೆ ಎರೆದದ್ದಾಯಿತು."

ಅದು ನಲ್ಲಿಯ ನೀರು ಅಂತ ಅಧ್ಯಕ್ಷರು ಕೂಗಾಡಿದರು. ನಲ್ಲಿ ಎಲ್ಲಿದೆ ತೋರಿಸಿ ಅಂತ ಜನ ಕೇಳಿದರು. ಇನ್ನೊಮ್ಮೆ ಓಡಿಸಿದರು, ಮತ್ತೊಮ್ಮೆ ಓಡಿಸಿದರು. ಪ್ರತಿ ಸಲವೂ ಅಧ್ಯಕ್ಷರ ಕೈ, ಅಧ್ಯಕ್ಷರ ಉಂಗುರ, ಅಧ್ಯಕ್ಷರ ಶಾಲು, ಕನ್ಯಾದಾನ. ಪರದೆಯ ಮೇಲೆ ಕಂಡದ್ದು ಸುಳ್ಳು ಅನ್ನುವ ಹಾಗಿಲ್ಲ. ಹಾಗಂದರೆ ಅವರ ಹಿಂದಿನ ಉದ್ಘಾಟನೆಗಳ ಗತಿಯೇನು? ಹಾಗೆ, ತಮಗಿಂತ ಹತ್ತು ವರ್ಷ ದೊಡ್ಡವಳಾದ ಹೆಂಗಸಿಗೆ ಶಿವನಂಜಪ್ಪನವರು ತಂದೆಯಾದರು. ಹೆಣ್ಣಿನ ತಂದೆ ಊಟ ಹಾಕಿಸಬೇಡವೇ? ಅಲ್ಲೇ ಒಲೆ ಹೂಡಿಸಿ, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಎಲ್ಲರೂ ಬಿದ್ದು ಬಿದ್ದು ಉಂಡೆವು. ಆ ಊಟ ತೆಗೆಯಲು ರೀಲೇ ಇಲ್ಲ ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಎದ್ದಿತು.

ನಲ್ಲಿ ಇವತ್ತಿಗೂ ಒಣಗಿಕೊಂಡೇ ಇದೆ. ಗೌರಿ ಹಬ್ಬಕ್ಕೆ ಅಧ್ಯಕ್ಷರ ಮನೆಯಿಂದ ಅಂಬುಜಕ್ಕನಿಗೆ ಬಾಗಿನ ಬರುತ್ತದೆ, ದೀಪಾವಳಿಗೆ ಅಳಿಯನಿಗೆ ಎಣ್ಣೆ ಸ್ನಾನ, ರೇಷ್ಮೆ ಪಂಚೆ. ದಾರಿಯಲ್ಲಿ ಕಂಡಾಗ ರಾಯರು ಪೊರೆಗಣ್ಣು ಕಿರಿದು ಮಾಡಿ, ಮಾವನವರು ಕ್ಷೇಮವೇ ಅಂತ ತಪ್ಪದೆ ಕೇಳುತ್ತಾರೆ.

ಹೋಳಿಗೆ ಊಟದ ಮಾರನೆಯ ಬೆಳಿಗ್ಗೆಯದನ್ನು ಹೇಳಿ ಮುಗಿಸುತ್ತೇನೆ. ಹಸಿದ ಹೊಟ್ಟೆಯಲ್ಲೇ ಗಿರಣಿಯ ಬಾಗಿಲು ತೆಗೆದೆ. ಎದುರಿಗೆ ಆಚಾರಿಗಳು ಬಂದರು, ಕೈಯಲ್ಲಿ ಪೆಟ್ಟಿಗೆ. ಮುಚ್ಚಳ ತೆಗೆದು ಅಂಬುಜಕ್ಕನಿಗೆ ತೋರಿಸಿದರು. ಖಾಲಿ. ಅವಳ ಕೊರಳಿನಲ್ಲಿ ತಾಳಿ ಇತ್ತು. "ಇನ್ನು ನಾನು ಬರೋದು ಬೇಡ, ತಾಯಿ" ಅಂದರು ಆಚಾರಿಗಳು. ಕಾಫಿ ಕುಡಿದು, ಕಣ್ಣು ಒರೆಸಿಕೊಂಡು, ಬಸ್ಸಿಗೆ ಹೊರಟರು.

ರಾಯರು ಎಂದಿನ ಹಾಗೆ ಮಿಂದು ಬಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹೆಂಡತಿಯ ಎದುರು ಬಂದು ನಿಂತರು. ಆಮೇಲೆ ನೆನಪಾಯಿತು. ಕಟ್ಟುವುದಕ್ಕೆ ಏನೂ ಇರಲಿಲ್ಲ. ಎತ್ತಿದ ಕೈ ಎಲ್ಲಿಡಬೇಕು ತಿಳಿಯದೆ ಹಾಗೇ ಹಿಡಿದು ನಿಂತಿದ್ದರು. ಮೂವತ್ತು ವರ್ಷ ಬೇಡಿದ್ದು ಸಿಕ್ಕಿದ ಮರುದಿನವೇ ಇಷ್ಟು ದುಃಖವಾಗುತ್ತದೆ ಅಂತ ತನಗೆ ಗೊತ್ತಿರಲಿಲ್ಲ ಅಂತ ಅಂಬುಜಕ್ಕ ಆಮೇಲೆ ನನಗೆ ಹೇಳಿದಳು. ಆಗ ಅವಳು ಮಾಡಿದ್ದು ಇಷ್ಟು. ಕೈ ಹಿಂದೆ ಒಯ್ದು, ಏನೋ ಮಾಡಿ, ಗಂಡನಿಗೆ ಬೆನ್ನು ತಿರುಗಿಸಿ ನಿಂತಳು.

"ಗಂಟು ಸಡಿಲ ಆಗಿದೆ, ನೋಡಿ" ಅಂದಳು.

ರಾಯರು ಮೂರು ಗಂಟು ಹಾಕಿದರು. ಅದು ಯಾವ ಫಿಲ್ಮಿನಲ್ಲೂ ಇಲ್ಲ. ಇವತ್ತಿಗೂ ನಾನು ಗಿರಣಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಆ ಗಂಟು ಸಡಿಲವಾಗಿರುತ್ತದೆ.